ಮಾಮಿಯ ಪುಸ್ತಕಗಳು

ಅಜ್ಜಿಗೆ ಬಂದಿರುವುದು ಅಲ್ಜೈಮರ್ ಎಂದು ಡಾಕ್ಟರು ಹೇಳಿದ ವಾರವೇ ಮಾಮಿ ಪುಸ್ತಕ ಕೊಂಡು ತಂದರು. ಒಂದು ಇಂಗ್ಲಿಷಿನದು, ಉಳಿದವು ಮರಾಠಿಯವು. ರೋಗವನ್ನು ತಿಳಿದುಕೊಳ್ಳುವುದು ಹೇಗೆ, ರೋಗಿಯೊಂದಿಗೆ ಬಾಳುವುದು ಹೇಗೆ ಎಂದೆಲ್ಲ ಅವುಗಳಲ್ಲಿ ಇತ್ತು. ಮಾಮಿ ಪೆನ್ಸಿಲು ಹಿಡಿದು ಗೆರೆ ಎಳೆಯುತ್ತ ಓದಿದರು. ಓದಿ ಮುಗಿಸಿ ನನಗೆ ಶಾಲೆ ಬಿಡಿಸಿದರು.

ಆಗ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಅವ್ವ ತೀರಿಕೊಂಡ ಮೇಲೆ ಅವಳ ಅಣ್ಣ ಉದಯಕುಮಾರ ಮಾಮಾ ನನ್ನನ್ನು ಸೋಲಾಪುರದ ತನ್ನ ಮನೆಗೆ ಕರೆತಂದಿದ್ದ. ಮಾಮಾನದು ಚಾದರ, ಟವೆಲುಗಳನ್ನು ಸಗಟಾಗಿ ಮಾರುವ ಠೋಕ ಅಂಗಡಿ. ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಅಜ್ಜಿ ಸುಮಿತ್ರಾಬಾಯಿ ಅಕ್ಕಲಕೋಟದಲ್ಲಿ ಹುಟ್ಟಿದವಳು. ರೋಗ ಬಂದ ಮೇಲೆ ಅವಳಿಂದ ಮೊದಲು ಹೋದದ್ದು ಮರಾಠಿ. ಉಳಿದದ್ದು ಬರೀ ಕನ್ನಡ, ಅದೂ ಸಣ್ಣವಳಿದ್ದಾಗಿನದು. ಬಾರ್ಶಿಯ ಮರಾಠಿ ತವರಿನ ಮನೀಷಾ ಮಾಮಿ, ಇಲ್ಲಿಗೆ ಬಂದು ಕಲಿತ ಕನ್ನಡದಲ್ಲಿ ಏನು ಹೇಳಿದರೂ ಅಜ್ಜಿ ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು.

ನನ್ನನ್ನು ಮಾತ್ರ ತನ್ನ ಅಕ್ಕನೆಂದು ತಿಳಿದಿದ್ದಳು. ಅಕ್ಕನಾಗಮ್ಮ ಎಂಬ ಆ ಅಕ್ಕ ನಾನು ಹುಟ್ಟುವ ಮೊದಲೇ ಸತ್ತಿದ್ದಾಳೆ. ನಾನು ಒಮ್ಮೆ "ಅಕ್ಕ ಅಲ್ಲಜ್ಜಿ, ಮೊಮ್ಮಗಳು" ಅಂದಾಗ ಮಾಮಿ ಅಡಿಗೆಮನೆಯಿಂದ ಓಡಿಬಂದರು.

"ಅಗ ಸೋನು, ತಿದ್ದಬ್ಯಾಡ! ಪುಸ್ತಕದಾಗ ಬರದಾರ. ಪೇಷಂಟ ಏನಂತಾರ ಅದಕ್ಕ ಹೂಂ ಅನಬೇಕು."

ನಾನು ಹೂಂ ಅಂದೆ. ಹಾಗೆ ಅಕ್ಕನಾಗಮ್ಮಳಾದೆ.

ಅಜ್ಜಿ ಲಿಂಗಪೂಜೆ ಆಗದೆ ಅನ್ನ ಮುಟ್ಟುವವಳಲ್ಲ. ಪೂಜೆ ಮಾಡಿ ಏಳುತ್ತಿದ್ದಂತೆಯೇ ಅದನ್ನು ಮರೆಯುತ್ತಿದ್ದಳು. ತಾಟು ತಂದಿಟ್ಟರೆ "ಪೂಜಿ ಆಗಿಲ್ಲ, ಒಯ್ಯಿ" ಎಂದು ತುಟಿ ಬಿಗಿಯುತ್ತಿದ್ದಳು. ಮಾಮಾ ಹೇಳಿದರೂ ಅಷ್ಟೆ, ಮಾಮಿ ಹೇಳಿದರೂ ಅಷ್ಟೆ. "ಆಗೇದ ತಂಗಿ, ನಾನ ನಿನ್ನ ಎಡಗೈಯಾಗ ಲಿಂಗ ಇಟ್ಟೀನಿ" ಎಂದು ನಾನು ಅಂದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಅಕ್ಕ ಸುಳ್ಳು ಹೇಳುವುದಿಲ್ಲ ಎಂದು ಅವಳ ನಂಬಿಕೆ.

ಪುಸ್ತಕದಲ್ಲಿ ಸೇವೆ ಮಾಡುವವರ ಬಗ್ಗೆಯೂ ಒಂದು ಪಾಠವಿತ್ತು. ಅವರು ದಣಿಯುತ್ತಾರೆ, ಅವರಿಗೆ ವಿಶ್ರಾಂತಿ ಬೇಕು, ಆಗಾಗ ಹೊರಗೆ ಹೋಗಿಬರಬೇಕು ಎಂದು. ಅದನ್ನು ಓದಿದ ಮಾಮಿ ತಿಂಗಳ ಚೀಟಿ ಹಾಕುವ ಭಿಶಿಯ ಗೆಳತಿಯರ ಜೊತೆ ಮಹಾಬಳೇಶ್ವರಕ್ಕೆ ಹೋಗಿಬಂದರು. ಬರುವಾಗ ನನಗೆ ಸ್ಟ್ರಾಬೆರಿ ಜಾಮಿನ ಬಾಟಲಿ ತಂದರು.

ಮಾಮಿ ಮಲಗಿದಾಗ ನಾನೂ ಆ ಪುಸ್ತಕಗಳನ್ನು ತೆಗೆದು ಓದುತ್ತಿದ್ದೆ. ಮರಾಠಿಯವನ್ನು ತುಟಿ ಆಡಿಸುತ್ತ ನಿಧಾನವಾಗಿ ಓದಿ ಮುಗಿಸಿದೆ. ಮಾಮಿ ಗೆರೆ ಎಳೆಯದ ಕಡೆ ಹೆಚ್ಚು ಓದಿದೆ.

ಹೋದ ವರ್ಷ ಮಾಮಾನ ಮಗ ಓಂಕಾರನಿಗೆ ಹೆಣ್ಣು ಗೊತ್ತು ಮಾಡಿದರು. ಬೀಗರು ಮನೆ ನೋಡಲು ಬಂದ ದಿನ ಪುಸ್ತಕಗಳೆಲ್ಲ ಕಪಾಟಿನಲ್ಲಿ ಸೀರೆಗಳ ಕೆಳಗೆ ಹೋದವು. ಅಜ್ಜಿಯೂ ನಾನೂ ಮಾಳಿಗೆಯ ಖೋಲಿಗೆ ಹೋದೆವು. "ಅತ್ತಿಯವರು ಅಕ್ಕಲಕೋಟಕ್ಕ ದರ್ಶನಕ್ಕ ಹೋಗ್ಯಾರ" ಎಂದು ಮಾಮಿ ಕೆಳಗೆ ಹೇಳುವುದು ಕೇಳಿಸಿತು. ಅಜ್ಜಿ ಕೂಗದಂತೆ ಅವಳ ಬಾಯಿಗೆ ಶೇಂಗಾದ ಹೋಳಿಗೆ ಮುರಿದು ಮುರಿದು ಕೊಡುತ್ತ ಕುಳಿತಿದ್ದೆ.

ಈ ವರ್ಷ, ನನಗೆ ಹತ್ತೊಂಬತ್ತು ತುಂಬಿದ ಮೇಲೆ, ನನ್ನ ಸರದಿ ಬಂತು. ಅಕ್ಕಲಕೋಟದಲ್ಲಿ ಗುಡಿಯ ಹತ್ತಿರ ಕಾಯಿ, ಶಾಲು ಮಾರುವ ಸಿದ್ದೇಶ್ವರ ಎಂಬವರು ನಮ್ಮ ಮಾಮಾನ ಗಿರಾಕಿ. ಒಮ್ಮೆ ಮಾಲಿನ ಗಂಟು ಒಯ್ಯಲು ಮನೆಗೇ ಬಂದಿದ್ದರು. ಅಜ್ಜಿ ಅವರನ್ನು ಹಿಡಿದು ಕೂರಿಸಿದಳು.

"ಯಾರ ಮಗಪ್ಪಾ ನೀ?"

"ಅಕ್ಕಲಕೋಟ ಉಮಾಬಾಯಿ ಮಗ ರೀ."

"ಹೌದಾ? ನಮ್ಮೂರವನ!" ಎಂದು ಅಜ್ಜಿ ನಕ್ಕಳು. ಚಹಾ ಬರುವುದರೊಳಗೆ ಮತ್ತೆ, "ಯಾರ ಮಗಪ್ಪಾ ನೀ?"

ಅವರು ಮತ್ತೆ ಹೇಳಿದರು. ಎಷ್ಟು ಸಲ ಕೇಳಿದರೂ ಹೊಸದಾಗಿ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ, "ಈ ಅಜ್ಜಿ ಮುಂದ ನಾ ದಿನಾ ಹೊಸಾ ಅಳಿಯ ಆಗ್ತೀನಿ ನೋಡ್ರಿ" ಅಂದರು. ನಾನು ಒಳಗೆ ಓಡಿಹೋದೆ. ಅಂದಿನಿಂದ ಆ ಮನೆಗೆ ಹೋಗಬೇಕೆಂದು ನನಗಾಯಿತು. ಯಾರಿಗೂ ಹೇಳಲಿಲ್ಲ.

ಅವರೇ ಕೇಳಿ ಕಳಿಸಿದರು. ಮಾಮಾ ಒಪ್ಪಿದ. "ತಂಗಿ ಋಣ ತೀರತದ" ಅಂದ. ಮಾಮಿ ಕೇಳಿದ್ದು ಒಂದೇ ಮಾತು: "ಅತ್ತಿಯವರಿಗೆ ಉಣಸವರ ಯಾರು?"

ನೋಡಲು ಬರುವ ದಿನ ಮಾಮಿಯೇ ತಮ್ಮ ಹಸಿರು ರೇಷ್ಮೆ ಸೀರೆ ಉಡಿಸಿ ಪಿನ್ನು ಹಚ್ಚಿದರು. ನಾನು ಪೋಹೆಯ ತಾಟುಗಳನ್ನು ಹಿಡಿದು ಹೊರಗೆ ಬಂದಾಗ ಸಿದ್ದೇಶ್ವರ ಮತ್ತು ಅವರ ತಾಯಿ ಉಮಾಬಾಯಿ ಸೋಫಾದ ಮೇಲಿದ್ದರು. ಅವರ ಮುಂದಿನ ಟೀಪಾಯಿಯ ಮೇಲೆ ಮಾಮಿಯ ಪುಸ್ತಕಗಳು ಒಂದರ ಮೇಲೊಂದು ಇದ್ದವು. ತಾಟು ಇಡಲು ಜಾಗವಿರಲಿಲ್ಲ.

"ಇವೇನವಾ, ಮೆದುಳಿನ ಚಿತ್ರದ ಪುಸ್ತಕ?" ಎಂದು ಉಮಾಬಾಯಿ ಕೇಳಿದರು.

ಮಾಮಿ ಸೆರಗು ಹೊದ್ದುಕೊಂಡರು. "ಮುಚ್ಚಿಟ್ಟು ಹುಡಿಗಿ ಕೊಡೋದು ಪಾಪ ರೀ. ನಮ್ಮ ಅತ್ತಿಯವರಿಗೆ ಈ ರೋಗ. ಹುಡಿಗಿ ಅವರ ಮಗಳ ಮಗಳು. ರಕ್ತದಾಗ ಬರ್ತದಂತ, ಪುಸ್ತಕದಾಗ ಬರದಾರ."

"ಹಂಗಂದ್ರ ಈಕಿಗೂ?"

"ನಾ ಹೇಳಂಗಿಲ್ಲ ರೀ. ಓದಿ ನೋಡ್ರಿ." ಮಾಮಿ ಒಂದು ಪುಸ್ತಕ ತೆರೆದು ಸಿದ್ದೇಶ್ವರರ ಕೈಗೆ ಕೊಟ್ಟು, ಸಾಲಿನ ಮೇಲೆ ಬೆರಳಿಟ್ಟರು.

ಅದೇ ರಕ್ತ ಮಾಮಾನಲ್ಲಿತ್ತು, ಓಂಕಾರನಲ್ಲಿತ್ತು. ಮಾಮಾ ತಲೆ ಎತ್ತಿ ಫ್ಯಾನು ನೋಡುತ್ತಿದ್ದ.

ಆ ಪುಟ ನನಗೆ ಗೊತ್ತಿತ್ತು. ಮನೆತನದಲ್ಲಿ ರೋಗವಿದ್ದರೆ ಅಪಾಯ ಸ್ವಲ್ಪ ಹೆಚ್ಚು ಎಂದು ಅಲ್ಲಿ ಇದೆ. ಮುಪ್ಪಿನಲ್ಲಿ ಬರುವ ಈ ರೋಗ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಂದೇ ಬರುತ್ತದೆ ಎಂದೇನಿಲ್ಲ, ಹೆದರಬೇಡಿ ಎಂದು ಅದೇ ಹಾಳೆಯ ಹಿಂದಿನ ಮಗ್ಗುಲಿಗೆ ಇದೆ. ಸಿದ್ದೇಶ್ವರ ಬೆರಳಿದ್ದಲ್ಲಿ ಓದಿದರು. ಅವರ ಕಣ್ಣುಗಳು ಸಾಲಿನ ಕೊನೆಗೆ ಹೋಗಿ ನಿಂತವು. ಅವರು ಹಾಳೆ ತಿರುವಲಿ ಎಂದು ಕಾದೆ.

ಅವರು ತಿರುವಲಿಲ್ಲ.

"ಹಾಳಿ ಹೊಳ್ಳಿಸಿ ಓದ್ರಿ" ಅಂದೆ. ನನ್ನ ಧ್ವನಿ ನನಗೇ ಹೊಸದೆನಿಸಿತು.

"ನೋಡ್ರಿ, ದೊಡ್ಡವರು ಮಾತಾಡುವಾಗ..." ಎಂದು ಮಾಮಿ ನಕ್ಕರು.

ಸಿದ್ದೇಶ್ವರ ತಾಯಿಯ ಮುಖ ನೋಡಿದರು. ಉಮಾಬಾಯಿ ಪೋಹೆ ಮುಟ್ಟದೆ ಎದ್ದರು. "ಮನ್ಯಾಗ ವಿಚಾರ ಮಾಡಿ ತಿಳಸ್ತೀವಿ." ಸಿದ್ದೇಶ್ವರ ಪುಸ್ತಕವನ್ನು ಮುಚ್ಚಿ ಎರಡೂ ಕೈಯಿಂದ ಮಾಮಿಗೆ ಒಪ್ಪಿಸಿದರು, ದೇವರ ಮನೆಯ ವಸ್ತುವಿನ ಹಾಗೆ. ಅಜ್ಜಿಯ ಮುಂದೆ ಹೆದರದೆ ಕುಳಿತಿದ್ದವರು ಪುಸ್ತಕಕ್ಕೆ ಹೆದರಿದರು. ಅವರು ಹೋದ ಮೇಲೆ ಮಾಮಾ ಚಪ್ಪಲಿ ಹುಡುಕಿ ಅಂಗಡಿಗೆ ಹೋದ.

"ಅಳಬ್ಯಾಡ, ಬ್ಯಾರೆ ಸಂಬಂಧ ಬರತಾವ. ಅತ್ತಿಯವರ ಊಟದ ಹೊತ್ತಾತು, ಹೋಗು" ಎಂದರು ಮಾಮಿ. ನಾನು ಅಳುತ್ತಿರಲಿಲ್ಲ.

ಅನ್ನ ಸಾರು ಕಲಸಿ ಅಜ್ಜಿಯ ಖೋಲಿಗೆ ಒಯ್ದೆ.

"ಅಕ್ಕಾ, ಯಾರ ಬಂದಿದ್ರ?"

"ನನ್ನ ನೋಡಾಕ."

"ಕೊಟ್ರೇನ?"

"ಇಲ್ಲ. ಮುರೀತು."

ಅಜ್ಜಿ ಚಪ್ಪಾಳೆ ತಟ್ಟಿದಳು. "ಛಲೋ ಆತು ನೋಡು! ನೀ ಹೋದ್ರ ನನಗ ಉಣಸವರ ಯಾರು?"

ನಾಲ್ಕು ತುತ್ತು ಉಂಡಳು. ಆಮೇಲೆ ಮತ್ತೆ, "ಅಕ್ಕಾ, ಯಾರ ಬಂದಿದ್ರ?" ಮತ್ತೆ ಹೇಳಿದೆ. ಮತ್ತೆ ಚಪ್ಪಾಳೆ, ಮತ್ತೆ ಅದೇ ಮಾತು. ಮೂರನೆಯ ಸಲ ಕೇಳಿದಾಗ ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಕೊಟ್ರು. ನಾಳಿಗೇ ಹೋಗ್ತೀನಿ. ಹೊಳ್ಳಿ ಬರಂಗಿಲ್ಲ."

ಅಳಲಿ ಎಂದೇ ಅಂದದ್ದು. ಅಜ್ಜಿ ನನ್ನ ಸೆರಗು ಮುಟ್ಟಿ ನೋಡಿದಳು.

"ಮತ್ತ ಹಂಗ ಹೋಗ್ತೀಯೇನ? ಸೆರಗ ಹಿಡಿ."

ಅಜ್ಜ ಹೋದ ಮೇಲೆ ಅಜ್ಜಿ ಯಾರ ಉಡಿಯನ್ನೂ ತುಂಬಿರಲಿಲ್ಲ, ವಿಧವೆಯಾದವಳು ತುಂಬಬಾರದು. ಅದನ್ನೂ ಮರೆತಿದ್ದಳು. ತಾಟಿನ ಅನ್ನವನ್ನು ಬೊಗಸೆಯಲ್ಲಿ ತೆಗೆದು ನನ್ನ ಸೆರಗಿಗೆ ಹಾಕಿದಳು. ಮತ್ತೊಂದು ಬೊಗಸೆ. ಸಾರು ಹಸಿರು ರೇಷ್ಮೆಯಲ್ಲಿ ಇಳಿದು ನನ್ನ ಹೊಟ್ಟೆಗೆ ಬೆಚ್ಚಗೆ ತಾಗಿತು.

"ಅಯ್ಯಯ್ಯ, ನನ್ನ ಸೀರಿ!" ಮಾಮಿ ಬಾಗಿಲಲ್ಲಿ ನಿಂತಿದ್ದರು. "ಏನ್ ಮಾಡಾಕತ್ತೀರಿ ಇಬ್ಬರೂ? ಚೆಲ್ಲು ಅದನ್ನ!"

"ಉಡಿ ತುಂಬ್ಯಾರ್ರಿ. ಚೆಲ್ಲಬಾರದು."

ಅಜ್ಜಿ ಖಾಲಿ ತಾಟು ನೋಡಿದಳು. "ನನಗ ಇನ್ನಾ ಉಣ್ಣಾಕ ಕೊಟ್ಟಿಲ್ಲ" ಅಂದಳು.

"ಹೋಗು, ಮತ್ತೊಂದು ತಾಟ ತಾ" ಎಂದರು ಮಾಮಿ.

"ನನ್ನ ಕೈ ಖಾಲಿ ಇಲ್ಲರಿ. ನೀವ ತರ್ರಿ."

ಮಾಮಿ ನನ್ನನ್ನು ನೋಡಿದರು. ನಾನು ಸೆರಗು ಬಿಡಲಿಲ್ಲ. ಅವರೇ ಹೋಗಿ ಅನ್ನ ಕಲಸಿ ತಂದು, ಅಜ್ಜಿಯ ಮುಂದೆ ಕುಳಿತು ತುತ್ತು ಎತ್ತಿದರು.

"ಪೂಜಿ ಆಗಿಲ್ಲ, ಒಯ್ಯಿ" ಅಂದಳು ಅಜ್ಜಿ.

"ಆಗೇದ ರೀ, ಅತ್ತಿ."

ಅಜ್ಜಿ ತುಟಿ ಬಿಗಿದು ನನ್ನ ಕಡೆ ನೋಡಿದಳು. ಮಾಮಿಯೂ ನನ್ನ ಕಡೆ ನೋಡಿದರು. "ಆಗೇದ ತಂಗಿ" ಎಂದು ನಾನು ಅನ್ನಲಿಲ್ಲ.