ಬೆಳ್ಳಗಾದ ಬಸವ

ಸುತ್ತೂರಿನ ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಪುಟ್ಟಬಸವಯ್ಯನವರು ಕಾವ್ಯ ಓದಲು ಕೂರುವುದು ಹಿಂದಿನಿಂದ ಬಂದ ರೂಢಿ. ಜಗಲಿಯ ಮೇಲೆ ಕಂಬಳಿ ಹಾಸಿ, ವ್ಯಾಸಪೀಠದ ಮೇಲೆ ಪುಸ್ತಕವಿಟ್ಟು, ಅದಕ್ಕೆ ಸುತ್ತಿದ ಕೆಂಪು ವಸ್ತ್ರವನ್ನು ಮಲಗಿದ ಕೂಸಿನ ಹೊದಿಕೆ ಸರಿಸುವ ಹಾಗೆ ಬಿಚ್ಚುವರು. ಒಂದು ಪದ್ಯ ರಾಗವಾಗಿ ಹೇಳಿ, ಆಮೇಲೆ ಅದನ್ನೇ ಊರ ಮಾತಿನಲ್ಲಿ ಬಿಡಿಸುವರು. ಮೊಮ್ಮಗಳು ಶಿವಾನಿ ಕಂಬಕ್ಕೊರಗಿ ಅದನ್ನು ಕೇಳುತ್ತಲೇ ಬೆಳೆದವಳು. ಅರ್ಥವಾಗದ ವಯಸ್ಸಿನಲ್ಲಿ ಸುಮ್ಮನೆ ಕೇಳಿದಳು. ಅರ್ಥವಾಗುವ ವಯಸ್ಸು ಬಂದಾಗ ಅರ್ಥವೇ ಬೇಕೆನಿಸಲಿಲ್ಲ. ತಾತನ ದನಿ ಏರಿ, ಒಂದು ಗಳಿಗೆ ಅಲ್ಲೇ ನಿಂತು, ಇಳಿದು ಬರುವುದನ್ನು ಕೇಳಿದರೆ ಸಾಕಾಗುತ್ತಿತ್ತು.

ಈಗ ಅವಳ ಕೆಲಸ ದನಿಯೇ ಇಲ್ಲದ ಕಡೆ. ಅಂಡಮಾನಿನ ದ್ವೀಪವೊಂದರ ಸುತ್ತ, ಪ್ರವಾಸಿಗರು ಡೈವಿಂಗಿಗೆಂದು ಮುಗಿಬೀಳುವ ಜಾಗಗಳಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಹವಳದ ದಿಬ್ಬಗಳ ಆರೋಗ್ಯ ನೋಡುವುದು. ತಳದಲ್ಲಿ ಅಳತೆಯ ಟೇಪು ಹಾಸಿ, ಅದರ ಉದ್ದಕ್ಕೂ ತೇಲುತ್ತ, ಕೆಳಗಿರುವುದು ಜೀವಂತ ಹವಳವೋ, ಸತ್ತದ್ದೋ, ಬರೀ ಮರಳೋ ಎಂದು ನೀರಿನಲ್ಲೂ ಬರೆಯಬಹುದಾದ ಹಲಗೆಯ ಮೇಲೆ ಗುರುತು ಹಾಕಬೇಕು. ಕೈಯಲ್ಲೊಂದು ಬಣ್ಣದ ಕಾರ್ಡು. ಅದರಲ್ಲಿ ಕಡು ಕಂದು ಬಣ್ಣದಿಂದ ತೊಡಗಿ, ತೆಳುವಾಗುತ್ತ ತೆಳುವಾಗುತ್ತ ಬಿಳಿಗೆ ಮುಗಿಯುವ ಚೌಕಗಳು. ಕಾರ್ಡನ್ನು ಹವಳದ ಪಕ್ಕ ಹಿಡಿದು ಯಾವ ಚೌಕಕ್ಕೆ ಹೊಂದುತ್ತದೆಂದು ನೋಡಬೇಕು. ಬಣ್ಣ ಗಾಢವಾಗಿದ್ದರೆ ಆರೋಗ್ಯ. ಬೆಳ್ಳಗಾದಷ್ಟೂ ಕಾಯಿಲೆ.

ಟೇಪಿನ ಮೇಲೆ ಒಂದೇ ಸಮನೆ ತೇಲಬೇಕು. ಆತುರಪಟ್ಟು ಕಾಲು ಬಡಿದರೆ ಮರಳೆದ್ದು ಎಲ್ಲದರ ಮೇಲೂ ಕೂರುತ್ತದೆ. ಶಿವಾನಿ ಅದಕ್ಕೆಂದು ಮನಸ್ಸಿನಲ್ಲೇ ತಾತನ ಷಟ್ಪದಿ ಹೇಳಿಕೊಳ್ಳುವಳು. ಉಸಿರೆಳೆದರೆ ಒಂದು ಸಾಲು, ಬಿಟ್ಟರೆ ಒಂದು ಸಾಲು. ಕೊರಳಿನ ಲಿಂಗದ ಕರಡಿಗೆ ರಬ್ಬರ್ ಸೂಟಿನೊಳಗೆ ಎದೆಗೊತ್ತಿಕೊಂಡಿರುವುದು. ಬಿಸಿಲು ನೀರಿನೊಳಗೆ ಕೋಲುಕೋಲಾಗಿ ಇಳಿದು, ಮೀನಿನ ಹಿಂಡು ಆ ಕೋಲುಗಳ ನಡುವೆ ಹೊಳೆದು ಆರಿ, ತಾನು ಎಚ್ಚರವಾಗಿದ್ದೇನೋ ತಾತನ ಪಕ್ಕ ಜಗಲಿಯಲ್ಲಿ ತೂಕಡಿಸುತ್ತಿದ್ದೇನೋ ಎಂಬುದೇ ಕೆಲವು ಸಲ ಅವಳಿಗೆ ತಿಳಿಯುತ್ತಿರಲಿಲ್ಲ.

ಆ ದಿಬ್ಬಗಳಲ್ಲೊಂದರ ಕೊನೆಯಲ್ಲಿ ಒಂದು ದುಂಡು ಹವಳವಿತ್ತು. ಮಲಗಿದ ಎತ್ತಿನಷ್ಟು ದೊಡ್ಡದು. ಬೆನ್ನ ಮೇಲೆ ಹಿಣಿಲು ಎದ್ದು, ಮುಂಗಾಲು ಮಡಿಸಿ, ತೆರೆದ ಕಡಲಿನ ಕಡೆ ಮುಖ ಮಾಡಿ ಕೂತ ಹಾಗೆ ಕಾಣುತ್ತಿತ್ತು. ಶಿವಾನಿ ಅದಕ್ಕೆ ಬಸವ ಎಂದು ಹೆಸರಿಟ್ಟಳು. ತಂಡದ ಹಿರಿಯಳು, ಮೈಸೂರಿನ ಸಂಘಮಿತ್ರಾ, ನಕ್ಕು ತನ್ನ ಹಲಗೆಯ ಮೇಲೂ ಹಾಗೆಯೇ ಬರೆದುಕೊಂಡಳು. ಪ್ರತಿ ಸರ್ವೆ ಬಸವನಿಂದ ತೊಡಗಿ ಬಸವನಲ್ಲಿ ಮುಗಿಯುವುದು ಇಬ್ಬರಿಗೂ ಅಭ್ಯಾಸವಾಯಿತು.

ಈ ಬೇಸಿಗೆ ಸಮುದ್ರ ಕಾಯಿತು. ಏಪ್ರಿಲಿನಲ್ಲಿ ಇಳಿದಾಗ ಬಸವ ತಲೆಯಿಂದ ಬಾಲದವರೆಗೆ ಬೆಳ್ಳಗಾಗಿದ್ದ. ಕಾರ್ಡಿನ ಕೊನೆಯ ಚೌಕವೇ ಅವನ ಮೈಗಿಂತ ಮಬ್ಬಾಗಿ ಕಂಡಿತು. ಶಿವಾನಿ ಒಂದು ಫೋಟೊ ತೆಗೆದಳು. ಅಷ್ಟು ನೀಲಿಯ ನಡುವೆ ಅಷ್ಟು ಬಿಳಿ. ನೋಡಲು ಚೆಂದವಾಗಿದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ. ಪ್ರವಾಸಿಗರಿಗೂ ಚೆಂದ ಕಂಡಿತು. ಬಿಳಿ ದಿಬ್ಬದ ಪಕ್ಕ ಫೋಟೊ ತೆಗೆಸಿಕೊಳ್ಳಲು ದಿನವೂ ದೋಣಿ ಹೆಚ್ಚಾದವು.

ಮೇ ತಿಂಗಳಲ್ಲಿ ಅವಳು ವರದಿ ಬರೆಯಲೆಂದು ಊರಿಗೆ ಬಂದಳು. ಬರುವ ಮೊದಲೇ ಆ ಫೋಟೊ ಅಪ್ಪ ನಂಜೇಶನವರ ಫೋನಿಗೆ ಬಂದಿತ್ತು. 'ಇದೇ ನಮ್ಮ ಬಸವ' ಎಂದಷ್ಟೇ ಬರೆದು ಕಳಿಸಿದ್ದಳು. ಅವರು ನಂಜನಗೂಡಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದರು. ಶಿವಾನಿ ಚೀಲ ಇಳಿಸಿ, ಕಾಲು ತೊಳೆದು ಒಳಗೆ ಬಂದರೆ, ದೇವರ ಮನೆಯಲ್ಲಿ ಬಸವ. ಕಟ್ಟಿನ ಗಾಜಿಗೆ ವಿಭೂತಿಯ ಮೂರೆಳೆ, ಮೇಲೊಂದು ತುಂಬೆ ಹೂವಿನ ಸರ.

"ನೋಡ್ದಾ ಕೂಸೇ," ಎಂದರು ಪುಟ್ಟಬಸವಯ್ಯ. "ಮೈತುಂಬ ವಿಭೂತಿ ಬಳ್ಕಂಡು ಎಂಗೆ ಕುಂತವ್ನೆ. ಏಟು ಪದ್ಯ ಓದಿದ್ದೀನಿ, ಇಂಥವ್ನ ನೋಡಿರ್ನಿಲ್ಲ ಕನವ್ವ. ನಿನ್ ಕಣ್ಣು ಪುಣ್ಯ ಮಾಡ್ದವು."

ಶಿವಾನಿ ಆ ಬಿಳಿಯನ್ನೇ ನೋಡುತ್ತ ಹೊಸ್ತಿಲ ಬಳಿ ಕೂತುಬಿಟ್ಟಳು. ಪ್ರಯಾಣದ ಆಯಾಸವೆಂದುಕೊಂಡು ಅವರು ಊಟಕ್ಕೆ ಎಬ್ಬಿಸಿದರು.

ಸಂಜೆಯ ಓದಿಗೆ ಬರುವವರು ಈಗ ಹೆಚ್ಚಾಗಿದ್ದರು. ಪದ್ಯ ಮುಗಿದ ಮೇಲೆ ಒಬ್ಬೊಬ್ಬರೇ ಒಳಹೋಗಿ ಕೈಮುಗಿದು ಬರುವರು. ಪಕ್ಕದ ಮನೆಯ ಕೆಂಪಾಜಮ್ಮನಂತೂ ತನ್ನ ತವರಿನವರನ್ನೂ ಕರೆತಂದಿದ್ದಳು.

"ಅಲ್ಲ ಕಣೇ ಶಿವಾನಿ, ನೀನು ಇವನ್ನ ಮುಟ್ಟಿದ್ದೀಯಾ?"

"ಇಲ್ಲ ಕೆಂಪಾಜಮ್ಮ. ಮುಟ್ಟಬಾರದು."

"ಮಡಿಯೋ?"

"ಹಂಗೇ ಅಂದ್ಕೊಳ್ಳಿ."

"ಮುಟ್ಟಂಗಿಲ್ಲ ಅಂದ್ಮೇಲೆ ಅಷ್ಟು ದೂರ ಯಾಕೋಗ್ತೀಯೆ? ಇಲ್ಲೇ ಕುಂತ್ಕಂಡು ಫೋಟೊ ನೋಡು, ನನ್ನಂಗೆ. ಸಂಬಳ ಬ್ಯಾರೆ ಕೊಡ್ತಾರಂತೆ ಇದ್ಕೆ." ಜಗಲಿಯವರೆಲ್ಲ ನಕ್ಕರು. ಶಿವಾನಿಯೂ ನಕ್ಕಳು. ಆದರೆ ದೇವರ ಮನೆಯ ಬಾಗಿಲಲ್ಲಿ ಹೆಗಲ ಮೇಲೆ ಹೆಗಲಿಟ್ಟು ಇಣುಕುತ್ತಿದ್ದವರನ್ನು ನೋಡಿದಾಗ, ನೀರಿನೊಳಗೆ ಬಸವನ ಸುತ್ತ ಗುಳ್ಳೆ ಬಿಡುತ್ತ ನಿಂತವರ ಸಾಲು ಅವಳ ಕಣ್ಣಿಗೆ ಕಟ್ಟಿತು.

ಮರುದಿನ ಸಂಘಮಿತ್ರಾ ಫೋನು ಮಾಡಿದಳು.

"ಎಲ್ಲಿಗೆ ಬಂತೇ ವರದಿ?"

"ಎಲ್ಲ ಮುಗೀತು. ಸಲಹೆ ಒಂದು ಬಾಕಿ."

"ಅದರಲ್ಲಿ ಯೋಚಿಸೋಕೇನಿದೆ? ದೀಪಾವಳಿವರೆಗೂ ಆ ದಿಬ್ಬ ಮುಚ್ಚಿ, ಯಾರನ್ನೂ ಇಳಿಯೋಕೆ ಬಿಡಬೇಡಿ ಅಂತ ಬರಿ. ಈ ಸಲ ಇಲಾಖೆಯವರು ಕೇಳ್ತಾರೆ. 'ಸರ್ವೆ ತಂಡದ ಹೊರತು' ಅಂತ ಒಂದು ಮಾತು ಸೇರಿಸು. ನಾವು ಹೋಗಿ ನೋಡ್ತಾ ಇರ್ಬೇಕಲ್ಲ."

"ನಾವಿಳಿದ್ರೆ ಉಳಿದವರೂ ಇಳೀತಾರೆ ಅಕ್ಕ. ಹೋದ ವರ್ಷ ಪಕ್ಕದ ದಿಬ್ಬದಲ್ಲಿ ಆಗಿದ್ದು ಅದೇ ತಾನೇ? ಸರ್ವೆ ಹೆಸರು ಹೇಳಿ ದೋಣಿ ತುಂಬ ಟೂರಿಸ್ಟನ್ನ ತಂದ್ರು."

"ಹಾಗಾದ್ರೆ ನಾವೂ ಹೋಗೋದು ಬೇಡ ಅಂತೀಯಾ? ಅಷ್ಟರಲ್ಲಿ ಅವನು ಹೋಗಿಬಿಟ್ರೆ?"

ಶಿವಾನಿಗೆ ಕಷ್ಟವಾಗಿದ್ದದ್ದು ಅದೇ. ದಿಬ್ಬ ಮುಚ್ಚಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಮುಚ್ಚಿದ ಬಾಗಿಲ ಈಚೆ ತಾನೂ ನಿಂತು, ಬಸವ ಉಳಿದನೋ ಹೋದನೋ ತಿಳಿಯದೆ, ಇಷ್ಟು ತಿಂಗಳು ಉಸಿರಾಡುವುದು ಹೇಗೆ? ಹೋಗುವವನನ್ನು ಕಡೆಗೆ ಒಂದು ಸಲವಾದರೂ ನೋಡಬೇಡವೇ? "ಸೋಮವಾರ ಕಳಿಸ್ತೀನಿ ಅಕ್ಕ," ಎಂದು ಫೋನಿಟ್ಟಳು. ಆಮೇಲೆ ಲ್ಯಾಪ್‌ಟಾಪ್ ತೆರೆದು 'ಸರ್ವೆ ತಂಡದ ಹೊರತು' ಎಂಬುದನ್ನು ಸೇರಿಸಿಯೂ ಬಿಟ್ಟಳು.

ಆ ಸಂಜೆ ಜನ ಸೇರುವ ಮೊದಲು ತಾತ ಹೊಸ ಹೂವಿನ ಸರ ಹಿಡಿದು ದೇವರ ಮನೆಗೆ ಹೊರಟರು. ಶಿವಾನಿ ಬಾಗಿಲಿಗೆ ಅಡ್ಡ ಬಂದಳು.

"ತಾತ, ಅದು ವಿಭೂತಿಯಲ್ಲ."

"ಗೊತ್ತು ಬುಡು. ಕಲ್ಲೇ ಅಂಗದೆ. ನಾವ್ ಭಾವ್ಸೋದು."

"ಕಲ್ಲೂ ಅಲ್ಲ. ಅವನಿಗೆ ಜೀವ ಇದೆ. ಮೈ ಸರಿಯಿಲ್ಲ ಅವನಿಗೆ. ಅದಕ್ಕೇ ಬೆಳ್ಳಗಾಗಿರೋದು."

ಪುಟ್ಟಬಸವಯ್ಯನವರು ಸರ ಹಿಡಿದ ಕೈ ಇಳಿಸಿದರು. ಹೊಸ್ತಿಲ ಪಕ್ಕ ಕೂತರು. ಅವಳೂ ಕೂತಳು.

"ಅವನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡ್ತವೆ ತಾತ. ಬಿಸಿಲಲ್ಲಿ ಅಡುಗೆ ಮಾಡಿ ಅವನಿಗೆ ಉಣ್ಣಿಸೋದು ಅವೇ. ಬಣ್ಣ ಕೊಡೋದೂ ಅವೇ. ನೀರು ಕಾದರೆ ಮನೆ ಖಾಲಿ ಮಾಡಿ ಹೊರಟು ಹೋಗ್ತವೆ. ಆಗ ಇವನು ಬಿಳಿ."

"ಅಂಗಾದ್ರೆ ಉಪಾಸ ಕುಂತವ್ನೆ."

"ಹೂಂ."

"ಉಸುರದೆಯಾ?"

"ನಾನು ಬರೋವಾಗ ಇತ್ತು. ನೀರು ತಣಿದರೆ ಪಾಚಿ ತಿರುಗಿ ಬರಬಹುದು. ಬರದಿದ್ರೆ..."

ತಾತ ಕೈಯಲ್ಲಿದ್ದ ಸರವನ್ನು ಪಕ್ಕಕ್ಕಿಟ್ಟು, "ಕಾಯ್ಲೆ ಬಿದ್ದವ್ನ ಊರಿಗೆಲ್ಲ ಕರ್ದು ತೋರಿಸ್ಬುಟ್ನಲ್ಲವ್ವಾ," ಎಂದರು. ಬೇಸರವೋ ನಾಚಿಕೆಯೋ ಅವರ ದನಿ ಪದ್ಯದ ಕೊನೆಯ ಸಾಲಿಗಿಂತ ಕೆಳಗೆ ಇಳಿದಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಎತ್ತಿಗೆ ಜ್ವರ ಬಂದರೆ, ಹಸು ಈದರೆ, ಕೊಟ್ಟಿಗೆಯ ಬಾಗಿಲಿಗೆ ಗೋಣಿಯ ಪರದೆ ಇಳಿಬಿಡುವರು. ಹೊರಗಿನವರು ಇಣುಕಬಾರದು. ಮನೆಯವರೂ ನೀರು ಮೇವು ಇಟ್ಟು ತಲೆ ತಗ್ಗಿಸಿ ಹೊರಗೆ ಬರಬೇಕು, ನಿಂತು ನೋಡುವಂತಿಲ್ಲ. ದೃಷ್ಟಿಯಾಗುತ್ತದೆ ಎಂದು ಕೆಲವರು. ಕಂಡವರೆದುರು ಎದ್ದು ನಿಲ್ಲಲು ಹೋಗಿ ಮೂಕಪ್ರಾಣಿ ಇನ್ನೂ ದಣಿಯುತ್ತದೆ ಎಂದು ಕೆಲವರು. ಯಾಕೆಂದು ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ.

ಪುಟ್ಟಬಸವಯ್ಯ ಎದ್ದು ಜಗಲಿಗೆ ಹೋದರು. ಪುಸ್ತಕಕ್ಕೆ ಸುತ್ತಿದ ಕೆಂಪು ವಸ್ತ್ರ ಬಿಚ್ಚಿ ತಂದರು. ಬಾಡಿದ ತುಂಬೆಯ ಸರ ತೆಗೆದು, ಗಾಜಿನ ಮೇಲಿನ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಸವನ ಮೇಲೆ ಆ ವಸ್ತ್ರ ಹೊದಿಸಿದರು. ಪುಸ್ತಕಕ್ಕೆ ತಮ್ಮ ಶಲ್ಯ ಸುತ್ತಿಟ್ಟರು.

ಜನ ಬಂದರು. ಓದು ಮುಗಿಯಿತು. ಕೆಂಪಾಜಮ್ಮ ಒಳಗೆ ಹೋದವಳು ತಕ್ಷಣ ತಿರುಗಿ ಬಂದಳು.

"ಇದೇನಯ್ಯನೋರೆ, ಮುಸುಕು?"

"ಮೈ ಸರ್ಯಾಗಿಲ್ವಂತೆ."

"ಯಾರ್ಗೆ?"

"ಅವ್ನಿಗೇಯ."

"ಅಲ್ಲೆಲ್ಲೋ ಸಮುದ್ರದಾಗಿರೋನ್ಗೆ ನೀವಿಲ್ಲಿ ಬಟ್ಟೆ ಹೊದ್ಸಿದ್ರೆ ವಾಸಿಯಾದದಾ? ನಮ್ಮಕ್ಕ ಚಾಮರಾಜನಗರದಿಂದ ಬತ್ತಾವ್ಳೆ ನೋಡಕ್ಕೆ."

"ಬರ್ಲಿ. ಪದ್ಯ ಕೇಳ್ಕಂಡು ಹೋಗ್ಲಿ."

"ಪದ್ಯ ಕೇಳೋಕೆ ಅವ್ಳಿಗೆ ಕಿವಿ ಕೇಳ್ಸೋದೇ ಇಲ್ವಲ್ಲ," ಎಂದು ಕೆಂಪಾಜಮ್ಮ ಸೆರಗು ಕೊಡವಿ ಹೊರಟಳು. ಮರುದಿನದಿಂದ ಜಗಲಿಯಲ್ಲಿ ಹಳಬರಷ್ಟೇ ಉಳಿದರು.

ಭಾನುವಾರ ಬೆಳಗಿನ ಜಾವ ಶಿವಾನಿಗೆ ಕನಸು ಬಿತ್ತು. ಕೊಟ್ಟಿಗೆಯೊಳಗೆ ಸಮುದ್ರ. ಗೋಣಿಯ ಪರದೆಯ ಆಚೆಯಿಂದ ನೀಲಿ ಬೆಳಕು ಸಂದಿಯಲ್ಲಿ ಸೋರಿ ಅವಳ ಪಾದದವರೆಗೆ ಬರುತ್ತಿದೆ. ಒಳಗೆ ಯಾರೋ ಮೆಲುಕು ಹಾಕುವ ಸದ್ದು. ಅವಳು ಪರದೆ ಎತ್ತಲು ಕೈ ಚಾಚುತ್ತಾಳೆ. ಎತ್ತುವ ಮೊದಲೇ ಮೆಲುಕಿನ ಸದ್ದು ನಿಂತು, ಒಳಗಿನದು ಭಾರವಾಗಿ ಏಳಲು ತೊಡಗುತ್ತದೆ. ಎಚ್ಚರವಾಯಿತು.

ಎದ್ದವಳೇ ಬರಿಗಾಲಲ್ಲಿ ದೇವರ ಮನೆಗೆ ಹೋದಳು. ತಾತ ಆಗಲೇ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ದೃಷ್ಟಿ ನೆಟ್ಟು ಕೂತಿದ್ದರು. ಅವಳು ಸದ್ದಾಗದಂತೆ ಗೋಡೆಯ ಬದಿ ಸರಿದು ಕೆಂಪು ವಸ್ತ್ರದ ಅಂಚಿಗೆ ಕೈಹಾಕಿದಳು. ಒಂದು ಸಲ, ಅಷ್ಟೇ.

ತಾತ ಕಣ್ಣು ಎತ್ತಲಿಲ್ಲ. "ನೀನೂ ಅಷ್ಟೇಯ ಕೂಸೇ," ಎಂದರು.

"ನಾನು ಅವನನ್ನ ನೋಡ್ಕೊಳ್ಳೋಳು ತಾತ."

"ಅದ್ಕೇ ಯೋಳಿದ್ದು. ಇಣುಕ್ಬ್ಯಾಡ."

ಅವಳಿಗೆ ಸಿಟ್ಟು ಬಂತು. ಇದು ಎತ್ತಲ್ಲ, ಫೋಟೊ, ಕಾಗದಕ್ಕೆ ದೃಷ್ಟಿಯಾಗುವುದಿಲ್ಲ, ನಾನು ಓದಿದ್ದು ಬೇರೆ, ನಿಮ್ಮ ಗೋಣಿಯ ಪರದೆ ಬೇರೆ ಎನ್ನಬೇಕೆನಿಸಿತು. ಆದರೂ ಅಂಚು ಹಿಡಿದ ಬೆರಳು ತಾನಾಗಿ ಸಡಿಲವಾಯಿತು. ಬಿಡಲಾರದೆ ಬಿಟ್ಟಿತು ಎನ್ನಬೇಕು. ಗೋಡೆಗೊರಗಿ ಕೂತು ಅತ್ತಳು. ತಾತನ ಪೂಜೆ ಮುಗಿಯುವವರೆಗೂ ಅಲ್ಲೇ ಇದ್ದಳು.

ಬೆಳಕು ಹರಿದ ಮೇಲೆ ವರದಿ ತೆರೆದಳು. 'ಸರ್ವೆ ತಂಡದ ಹೊರತು' ಎಂಬುದನ್ನು ಅಳಿಸಿದಳು. ಬಸವನ ಬುಡದಲ್ಲಿ ತಾವೇ ಕಟ್ಟಿ ಬಂದಿದ್ದ ಸಣ್ಣ ಥರ್ಮಾಮೀಟರು ನೀರಿನ ಕಾವನ್ನು ಗಳಿಗೆಗಳಿಗೆಗೂ ತನ್ನಷ್ಟಕ್ಕೆ ದಾಖಲಿಸುತ್ತಿರುತ್ತದೆ, ದೀಪಾವಳಿಯ ಮೇಲೆ ಅದನ್ನು ತೆಗೆದು ಓದಿದರೆ ಸಾಕು ಎಂದು ಬರೆದಳು. ಆಮೇಲೆ ಸಂಘಮಿತ್ರಾಳಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಸರಿ ಕಣೇ. ನನಗೂ ಕಷ್ಟವೇ.'

ಸೋಮವಾರ ತಾತ ತಿ. ನರಸೀಪುರಕ್ಕೆ ಹೊರಟರು. ಸಂಗಮದಲ್ಲಿ ಮುಳುಗಿ ಬರುವುದು ಅವರ ವಾಡಿಕೆ. ಶಿವಾನಿಯೂ ಜೊತೆಗೆ ಬಸ್ಸು ಹತ್ತಿದಳು. ಮುಂಗಾರಿನ ಮೊದಲ ಮಳೆ ಬಿದ್ದು ಕಪಿಲೆ ಸ್ವಲ್ಪ ಕೆಂಪಾಗಿದ್ದಳು. ಕಾವೇರಿ ಇನ್ನೂ ತಿಳಿಯಾಗಿದ್ದಳು. ಎರಡು ಬಣ್ಣ ಪಕ್ಕಪಕ್ಕದಲ್ಲೇ ಬಹಳ ದೂರ ಹರಿದು, ಎಲ್ಲಿ ಬೆರೆತವೆಂದು ಹೇಳಲಾಗದಂತೆ ಬೆರೆಯುತ್ತಿದ್ದವು. ಇವೆರಡರ ಜೊತೆ ಮೂರನೆಯದೊಂದು, ಸ್ಫಟಿಕ ಸರೋವರ, ಕಣ್ಣಿಗೆ ಕಾಣದಂತೆ ಕೂಡುತ್ತದೆಂದು ಅಲ್ಲಿಯವರ ನಂಬಿಕೆ. ಕಂಡವರಿಲ್ಲ. ಆದರೂ ಮುಳುಗುವವರು ಮೂರಕ್ಕೂ ಸೇರಿಸಿಯೇ ಕೈಮುಗಿಯುವರು. ಚಿಕ್ಕವಳಿದ್ದಾಗ ಇಲ್ಲೇ ಈಜು ಕಲಿತ ಶಿವಾನಿ ಆ ಮೂರನೆಯದನ್ನು ಹುಡುಕಿ ಎಷ್ಟು ಸಲ ನೀರೊಳಗೆ ಕಣ್ಣು ಬಿಟ್ಟಿದ್ದಳೋ.

ಈ ದಿನ ಅವಳು ಮುಳುಗಲಿಲ್ಲ. ನೀರಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಕಿವಿ ಎರಡೂ ನೀರಿನೊಳಗಿದ್ದವು. ಮೆಟ್ಟಿಲ ಮೇಲೆ ಕೂತ ತಾತ ಒದ್ದೆ ಬಟ್ಟೆಯಲ್ಲೇ ಪದ್ಯ ಎತ್ತಿಕೊಂಡಿದ್ದರು. ಅದು ನೀರಿನ ಮೂಲಕ ಅವಳಿಗೆ ಬಂದು ಮುಟ್ಟುವಾಗ ಅಕ್ಷರಗಳೆಲ್ಲ ಕರಗಿ, ಏರುವುದು, ನಿಲ್ಲುವುದು, ಇಳಿಯುವುದು ಅಷ್ಟೇ ಉಳಿದಿತ್ತು. ಎಲ್ಲೋ ದೂರ, ಬೇರೊಂದು ನೀರಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಬೆಳ್ಳನೆಯ ಒಂದು ಮೈ ಸುಮ್ಮನೆ ಕೂತಿತ್ತು. ಅಥವಾ ಕೂತಿರಲಿಲ್ಲ. ಅವಳ ಉಸಿರು ಸಾಲಿಗೊಂದು ಸಾಲಿಗೊಂದಾಗಿ ನಿಧಾನಕ್ಕೆ ಬಂದಿತು.

ಬಸ್ಸಿಗೆ ಹೊರಡುವಾಗ ತಾತ ಕೇಳಿದರು, "ಎಂಗವ್ನಂತೆ?"

"ಗೊತ್ತಿಲ್ಲ ತಾತ."

"ಹೂಂ," ಎಂದರು ಪುಟ್ಟಬಸವಯ್ಯ. ಅವಳ ಒದ್ದೆ ಕೂದಲ ಮೇಲೆ ಒಂದು ಸಲ ಕೈಯಾಡಿಸಿ, ಮುಂದೆ ಮೆಟ್ಟಿಲು ಹತ್ತಿದರು.