ಸೇತುವೆಯ ಬಳಿ ಒತ್ತುವ ಗುಂಡಿ

ಗುನ್ವೋರ್ ಆ ಸಂಜೆ ಸಿಕ್ಸ್ಟೆನ್‌ನನ್ನು ತನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡದ್ದು ಉಪಕಾರಕ್ಕಲ್ಲ, ಸೇಡಿಗೆ. ಈ ಕಾರನ್ನು ಅವಳ ತಲೆಗೆ ಕಟ್ಟಿದವನೇ ಅವನು.

ಹಿಂಬದಿ ಉದ್ದವಾಗಿ, ಸಾಮಾನಿಗೆ ಬೇಕಾದಷ್ಟು ಜಾಗವಿದ್ದ, ಕರೆಂಟಿಗೂ ಪೆಟ್ರೋಲಿಗೂ ಓಡುವ ಹಳೆಯ ಕಾರು. ಕೊಳ್ಳಲು ಹೋದ ದಿನ ಸಿಕ್ಸ್ಟೆನ್ ಅದನ್ನು ಮೊದಲೇ ಓಡಿಸಿ ಬೆಚ್ಚಗೆ ಮಾಡಿಟ್ಟಿದ್ದ. ಉತ್ತರ ಸ್ವೀಡನ್ನಿನ ಆ ಊರಲ್ಲಿ ಬರುವವರಿಗೆಂದು ಕಾರು ಬೆಚ್ಚಗಿಡುವುದು ಮರ್ಯಾದೆ. ಗುನ್ವೋರ್ ಬಾನೆಟ್ಟಿನ ಮೇಲೆ ಕೈಯಿಟ್ಟು, ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಎರಡೆರಡು ಸಲ ಥ್ಯಾಂಕ್ಸ್ ಹೇಳಿ ಬಂದಳು. ತಣ್ಣಗಿದ್ದಾಗ ಆ ಕಾರಿನ ಬಣ್ಣವೇ ಬೇರೆ. ಚಾರ್ಜಿಂಗ್ ವಯರು ಕಚ್ಚಿಕೊಂಡರೆ ಬಿಡುತ್ತಿರಲಿಲ್ಲ. ಬಾಗಿಲಿಗೆ ಕರೆಂಟು ಕೊಡುವ ಸಣ್ಣ ಬ್ಯಾಟರಿ ಸತ್ತು, ಸಂತೆಗೆಂದು ತುಂಬಿಸಿದ ಚೀಸನ್ನು ಒಳಗಿಟ್ಟುಕೊಂಡು ಹಿಂದಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಇವನ್ನೆಲ್ಲ ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಚಳಿಯಲ್ಲಿ ಗುಡ್ಡ ಹತ್ತುವಾಗ ಕಾರು ಓಡಿಸುವ ದೊಡ್ಡ ಬ್ಯಾಟರಿ ಅರ್ಧಕ್ಕೇ ಬರಿದಾಗುತ್ತಿತ್ತು. ಆಗ ಕೈಹಿಡಿಯಬೇಕಾದ ಪೆಟ್ರೋಲ್ ಎಂಜಿನ್ ಏಳುತ್ತಲೇ ಇರಲಿಲ್ಲ.

ಕಳೆದ ಫೆಬ್ರುವರಿಯಲ್ಲಿ ಅವಳ ಅಕ್ಕ ಡಾಗ್ನಿ ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಸಾಯುತ್ತಿದ್ದಳು. ಗುನ್ವೋರ್ ಹೊರಟಳು, ಕಾರು ಅರ್ಧ ಏರಿನಲ್ಲಿ ನಿಂತಿತು. ಎಳೆಯುವ ಗಾಡಿ ಬರುವಷ್ಟರಲ್ಲಿ ಡಾಗ್ನಿ ಹೋಗಿಬಿಟ್ಟಿದ್ದಳು, ತಂಗಿ ಬಂದಳಾ, ಬಂದಳಾ ಎಂದು ನರ್ಸನ್ನು ಕೇಳುತ್ತಲೇ.

“ನನ್ನ ಹತ್ರ ಇದ್ದಾಗ ಒಂದಿನಾನೂ ಕೈಕೊಟ್ಟಿಲ್ಲ ಅದು. ನೀನೇ ಚಾರ್ಜ್ ಹಾಕೋದು ಮರ್ತಿರ್ತೀಯ, ಬಿಡು,” ಎಂದಿದ್ದ ಸಿಕ್ಸ್ಟೆನ್, ಅದೂ ಶವಸಂಸ್ಕಾರದ ಕಾಫಿಯ ಹೊತ್ತಿನಲ್ಲಿ, ಎಲ್ಲರ ಎದುರು. ಹಾಗೆಂದು ಇನ್ನೊಂದು ತುಂಡು ಕೇಕಿಗೆ ಕೈ ಹಾಕಿದ್ದ, ನಾಚಿಕೆಗೆಟ್ಟವನು. ಊರು ಅದನ್ನೇ ನಂಬಿತು. ಮರೆವಿನಿಂದ ಅಕ್ಕನ ಮುಖ ಕೊನೆಯ ಸಲ ನೋಡದೆ ಹೋದವಳು ಎಂಬ ಹೆಸರು ಗುನ್ವೋರ್‌ಗೆ ಅಂಟಿಕೊಂಡಿತು.

ಆಮೇಲೆ ಒದ್ದಾಡಿ ಒದ್ದಾಡಿ ಅವಳೇ ಒಂದು ಉಪಾಯ ಕಂಡುಕೊಂಡಳು. ಏರು ಶುರುವಾಗುವ ಮುಂಚೆ, ಹಳೆಯ ಸೇತುವೆಯ ಬಳಿ, ಹೀಟರ್ ಆರಿಸಿ ಗೇರಿನ ಪಕ್ಕದ ಗುಂಡಿ ಒತ್ತಿ ಹಿಡಿದರೆ ಪೆಟ್ರೋಲ್ ಎಂಜಿನ್ ಮೊದಲೇ ಏಳುತ್ತಿತ್ತು, ಕಾರು ಗುಡ್ಡ ದಾಟುತ್ತಿತ್ತು. ರೋಗ ಗೊತ್ತಿದ್ದವನಿಗೆ ಮಾತ್ರ ಗೊತ್ತಿರುವ ಮದ್ದು. ಬೇಸಿಗೆಯಲ್ಲಿ ದೂರದ ಪಟ್ಟಣದಲ್ಲಿ ರಿಪೇರಿ ಮಾಡಿಸಿದ ಮೇಲೆ ಯಾವ ಗುಂಡಿಯೂ ಬೇಕಾಗಿರಲಿಲ್ಲ. ಆ ವಿಷಯ ಮಾತ್ರ ಅವಳು ಯಾರಿಗೂ ಬಾಯಿಬಿಡಲಿಲ್ಲ.

ಇವತ್ತು ಗುಡ್ಡದ ಮೇಲೆ ಬೇಟೆ ತಂಡದ ಊಟ. ತಂಡದ ಮುಖಂಡ, ಮುದುಕ ಬೆರ್ತಿಲ್, ಈ ರಾತ್ರಿ ಜಾಗ ಬಿಡುವವನಿದ್ದ; ಅದು ಸಿಕ್ಸ್ಟೆನ್‌ಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಕುಡಿದವರು ಗಾಡಿ ಮುಟ್ಟುವಂತಿಲ್ಲ, ಗುನ್ವೋರ್ ಕುಡಿಯುವವಳಲ್ಲ. ಬೆರ್ತಿಲ್ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ.

“ಇದ್ರಲ್ಲೇ ಹೋಗೋದಾ? ಚಾರ್ಜ್ ಹಾಕಿದ್ದೀಯ ತಾನೇ ಈ ಸಲ?” ಎಂದು ಸಿಕ್ಸ್ಟೆನ್ ಕಿಚಾಯಿಸುತ್ತಲೇ ಹತ್ತಿದ.

“ಅರ್ಧ ಹಾಕಿದೀನಿ ಕಣಪ್ಪ. ನಿನ್ನ ಕಾಲದಲ್ಲಿ ಸಾಕಾಗ್ತಿತ್ತಲ್ಲ?”

“ಧಾರಾಳವಾಗಿ.”

ಹೊರಗೆ ಮೈನಸ್ ಇಪ್ಪತ್ತು. ಗುನ್ವೋರ್ ಹೀಟರನ್ನು ತುದಿಗೆ ತಿರುಗಿಸಿದಳು.

“ನಾಯಿ ಕಾಲು ಹೆಂಗಿದೆ ಬೆರ್ತಿಲಜ್ಜ?”

“ಕುಂಟ್ತದೆ.”

ಸಿಕ್ಸ್ಟೆನ್‌ನ ಕಣ್ಣು ಬ್ಯಾಟರಿಯ ಅಂಕಿಗೆ ಅಂಟಿಕೊಂಡಿತ್ತು. “ಸೇತುವೆ ಬಂತು,” ಎಂದ.

“ಎಲ್ಲಿಗೆ ಹೋಗುತ್ತೆ ಅದು, ಯಾವಾಗ್ಲೂ ಅಲ್ಲೇ ಇರುತ್ತೆ.”

“ಸೆಕೆ ಅಲ್ವಾ?” ಎಂದು ಅವನು ಹೀಟರ್ ಆರಿಸಿದ.

ಒತ್ತು ಪಾಪಿ, ಒತ್ತು ಎಂದು ಗುನ್ವೋರ್ ಮನಸ್ಸಿನಲ್ಲೇ ಹಲ್ಲು ಕಡಿದಳು. ಸಿಕ್ಸ್ಟೆನ್‌ನ ಕೈ ತೊಡೆಯ ಮೇಲಿಂದ ಎದ್ದಿತು, ಹಿಂದೆ ಸರಿಯಿತು. ಸೇತುವೆ ಮುಗಿಯುತ್ತಿದ್ದಂತೆ ತಡೆಯಲಾರದೆ ಮುಂದೆ ಬಂದು ಗೇರಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿಯಿತು. ಪೆಟ್ರೋಲ್ ಎಂಜಿನ್ ಗುರ್ರೆಂದು ಎದ್ದಿತು.

“ಯಾಕೆ ಒತ್ತಿದೆ?” ಕೇಳಿದ್ದು ಬೆರ್ತಿಲ್.

“ಸುಮ್ನೆ. ಏರು ಬಂತಲ್ಲ ಅಂತ.”

“ಒತ್ತದೇ ಇದ್ರೆ ಏನಾಗುತ್ತೆ?”

ಸಿಕ್ಸ್ಟೆನ್ ಗುಂಡಿಯಿಂದ ಕೈ ಕಿತ್ತುಕೊಂಡ.

“ಒತ್ತದೇ ಇದ್ರೂ ಹತ್ತುತ್ತೆ ಅಜ್ಜ,” ಎಂದು ಗುನ್ವೋರ್ ಮತ್ತೆ ಗುಂಡಿ ಒತ್ತಿ ಎಂಜಿನ್ ಆರಿಸಿದಳು. “ಬೇಸಿಗೇಲೇ ರಿಪೇರಿ ಮಾಡ್ಸಿದೀನಿ. ಒತ್ತಬೇಕಾಗಿದ್ದು ಫೆಬ್ರುವರೀಲಿ. ಇವನಿಗೆ ಗೊತ್ತಿತ್ತು, ನಂಗೆ ಹೇಳ್ಲಿಲ್ಲ.”

ಕಾರು ಬ್ಯಾಟರಿಯಲ್ಲೇ ಸದ್ದಿಲ್ಲದೆ ಏರಿತು. ಅರ್ಧ ದಾರಿಯಲ್ಲಿ, ಅಂದು ಎಳೆಯುವ ಗಾಡಿಗೆ ಕಾದು ಕೂತಿದ್ದ ಜಾಗದಲ್ಲಿ, ಅವಳು ನಿಲ್ಲಿಸಿದಳು. ಕೆಳಗೆ ಸೇತುವೆಯ ಬಳಿಯ ಮನೆಗಳ ದೀಪ ಕಾಣುತ್ತಿತ್ತು.

“ಇಲ್ಲೇ ಕೂತಿದ್ದೆ ನಾನು. ಆಸ್ಪತ್ರೇಲಿ ನಮ್ಮಕ್ಕ ನನ್ನನ್ನ ಕೇಳ್ತಾ ಇದ್ಲು.”

“ಗುನ್ವೋರ್, ನಿಮ್ಮಕ್ಕಂಗೆ ಹಂಗಾಗುತ್ತೆ ಅಂತ ನಂಗೇನು ಗೊತ್ತು? ಈಗ ಕಾರು ಸರಿಹೋಗಿದೆಯಲ್ಲ.”

“ಇಳಿ,” ಎಂದ ಬೆರ್ತಿಲ್.

“ಅಜ್ಜ, ಊಟಕ್ಕೆ...”

“ಇಳಿ ಅಂದೆ. ನನ್ನ ಜಾಗ ಯಾರಿಗೆ ಅನ್ನೋದು ನೀನಿಲ್ದೇನೆ ನಿರ್ಧಾರ ಆಗುತ್ತೆ.”

ಸಿಕ್ಸ್ಟೆನ್ ಇಳಿದು, ಕೋಟಿನ ಕಾಲರ್ ಎತ್ತಿಕೊಂಡು ಕೆಳಗಿನ ದೀಪಗಳ ಕಡೆ ನಡೆದ. ಗುನ್ವೋರ್ ಕನ್ನಡಿಯಲ್ಲಿ ಅವನ ಬೆನ್ನನ್ನೇ ನೋಡಿದಳು. ಖುಷಿಯಾಯಿತು. ಆಗಲಿಲ್ಲ ಎಂದು ಸುಳ್ಳು ಹೇಳುವವಳಲ್ಲ ಅವಳು. ಬೆರ್ತಿಲ್ ಮುಂದೆ ಬಂದು ಕೂತು ಕೈಗವಸು ಕಳಚಿದ.

“ಅವತ್ತು ಕಾಫಿ ಹೊತ್ತಲ್ಲಿ ನಾನೂ ಅವನ ಮಾತಿಗೆ ತಲೆ ಆಡಿಸಿದ್ದೆ ಕಣಮ್ಮ.”

“ಗೊತ್ತು, ನೋಡಿದ್ದೆ. ಅದಕ್ಕೇ ನಿಮ್ಮನ್ನೂ ಹತ್ತಿಸ್ಕೊಂಡಿದ್ದು. ಇವತ್ತು ಊಟದ ಮುಂಚೆ ಎದ್ದು ನಿಂತು ಎಲ್ರಿಗೂ ಈ ಗುಂಡಿ ಕಥೆ ಹೇಳ್ಬೇಕು ನೀವು.”

ಬೆರ್ತಿಲ್ ಹೂಂ ಎಂದ. ಗುನ್ವೋರ್ ಹೀಟರ್ ಹಾಕಿ ಗುಡ್ಡ ಹತ್ತಿಸಿದಳು.