ತಲೆಕೆಳಗಾದ ಹಕ್ಕಿ

ನಾನು ಜೈಲಿನಲ್ಲಿ ಹುಟ್ಟಬೇಕಾದವಳು. ಹುಟ್ಟಿದ ಮೂರನೇ ದಿನಕ್ಕೆ ಅಮ್ಮನ ಮಗ್ಗುಲಿನಿಂದ ಎತ್ತಿಕೊಂಡು ಹೋಗಿ ಅನಾಥಾಲಯಕ್ಕೆ ಸೇರಿಸಬೇಕಾದವಳು. ಹಾಗಾಗದೆ ಅಮ್ಮನ ಬೈಗುಳವನ್ನೂ ಕೈತುತ್ತನ್ನೂ ಸಮಸಮವಾಗಿ ತಿಂದು ಬೆಳೆದೆನಲ್ಲ, ಅದಕ್ಕೆ ಕಾರಣ ಬಟ್ಟೆ ಒಗೆಯುವ ಒಬ್ಬ ಹೆಂಗಸು. ಅವಳ ಹೆಸರಿನಲ್ಲಿ ಯಾರೂ ನೆನಪಿನ ಕಲ್ಲು ನೆಟ್ಟಿಲ್ಲ. ಕಲ್ಲು ನೆಡುವವರಿಗೆ ನೆಡಲು ಬೇರೆ ಜನ ಇದ್ದಾರೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅವಳ ಕೂದಲು ಸುಟ್ಟ ಇಟ್ಟಿಗೆಯ ಬಣ್ಣ. ಹಾಗಾಗಿ ಕೇರಿಯವರೆಲ್ಲ ಕೆಂಚಕ್ಕ ಅನ್ನುತ್ತಿದ್ದರು. ಸಮುದ್ರದಾಚೆಯ ಒಂದು ಹಸಿರು ದ್ವೀಪದಲ್ಲಿ ಮೂರು ವರ್ಷ ಒಂದೇ ಸಮನೆ ಆಲೂಗಡ್ಡೆ ಮಣ್ಣಿನಲ್ಲೇ ಕೊಳೆತು, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಅದೇ ಮಣ್ಣು ಸೇರಿದ ಮೇಲೆ, ಹಡಗಿನ ತಳದಲ್ಲಿ ಆರು ವಾರ ಕೂತು ನಮ್ಮೂರಿಗೆ ಬಂದಿಳಿದವಳು. ಬಂದ ಮೇಲೆ ನಮ್ಮ ಮಾತು ಕಲಿತಳು. ಬಹುವಚನ ಒಂದನ್ನು ಬಿಟ್ಟು ಎಲ್ಲ ಕಲಿತಳು. ಧಣಿಗೂ ನೀನು, ಡಾಕ್ಟರಿಗೂ ನೀನು, ಪೊಲೀಸಿಗೂ ನೀನು. ಪರದೇಶದವಳು, ಪಾಪ, ಬಾಯಿಗೆ ಹತ್ತಲಿಲ್ಲ ಎಂದು ಜನ ಬಿಟ್ಟುಬಿಟ್ಟಿದ್ದರು. ಹತ್ತಲಿಲ್ಲವೋ, ಹತ್ತಿಸಿಕೊಳ್ಳಲಿಲ್ಲವೋ, ನನಗೆ ಇವತ್ತಿಗೂ ಅನುಮಾನ.

ಒಗೆಯುವವಳ ಮುಂದೆ ಯಾರ ಗುಟ್ಟೂ ನಿಲ್ಲುವುದಿಲ್ಲ. ಪಕ್ಕದ ಬೀದಿಯ ಮುದುಕಿಯ ಕೋಳಿ ಕಳೆದಾಗ, ಕೆಂಚಕ್ಕ ಒಬ್ಬ ಗುಮಾಸ್ತನ ಅಂಗಿಯ ಮಡಿಕೆಯಿಂದ ಪುಕ್ಕ ತೆಗೆದು ತೋರಿಸಿದ್ದಳು. ಗಿರಣಿಯ ಹೆಂಗಸರು ಅಂಟಿಸಿದ ಮುಷ್ಕರದ ಚೀಟಿಗಳನ್ನು ಕಿತ್ತವನು ಯಾರೆಂದು, ಅವನ ಅಂಗಿಯ ತೋಳಿಗೆ ಮೆತ್ತಿದ್ದ ಮಸಿಯಿಂದಲೇ ಹೇಳಿದ್ದಳು. ಏನೇ ಕಳೆದರೂ ಜನ ಠಾಣೆಗೆ ಹೋಗುವ ಬದಲು ಅವಳು ಬಟ್ಟೆ ಬೇಯಿಸುವ ಹಂಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು.

ಅಮ್ಮ ಆಗ ದೊಡ್ಡಮನೆಯಲ್ಲಿ ಕೆಲಸದವಳು. ಅಪ್ಪ ಕಲ್ಲುಕ್ವಾರಿಯಲ್ಲಿ ಬಂಡೆ ಉರುಳಿ ಸತ್ತು ಎರಡು ತಿಂಗಳಾಗಿತ್ತು. ನಾನು ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಬಸುರಿ ಎಂದು ಗೊತ್ತಾದರೆ ಕೆಲಸ ಹೋಗುತ್ತದೆಂದು ಅಮ್ಮ ಸಡಿಲವಾದ ಮೇಲಂಗಿ ತೊಟ್ಟು ನನ್ನನ್ನು ಬಚ್ಚಿಟ್ಟುಕೊಂಡಿದ್ದಳು.

ಆ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಸಾಲಾಗಿ ಏಳು ಗಂಟೆಗಳು. ಮೇಲಿನ ಒಂದೊಂದು ಕೋಣೆಯಿಂದ ಒಂದೊಂದು ತಂತಿ ಗೋಡೆಯೊಳಗೆ ಇಳಿದು ಒಂದೊಂದು ಗಂಟೆಗೆ ಸೇರುತ್ತಿತ್ತು. ಮೇಲೆ ಹಗ್ಗ ಎಳೆದರೆ ಕೆಳಗೆ ಗಂಟೆ ಬಡಿಯಬೇಕು, ಬಡಿದ ಕೂಡಲೇ ಅಮ್ಮ ಓಡಬೇಕು. ಧಣಿಯ ತಾಯಿ, ಹಿರಿಯಮ್ಮ, ಉಬ್ಬಸದ ರೋಗಿ. ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಧಣಿ ಆಕೆಯ ಕೋಣೆಯ ಗೋಡೆಗೆ ಹೊಸ ಚಿತ್ರದ ಕಾಗದ ಅಂಟಿಸಿದ. ಹತ್ತು ದಿನ ಆಕೆಯನ್ನು ಬೇರೆ ಕೋಣೆಯಲ್ಲಿಟ್ಟು, ಒಂದು ಮಂಗಳವಾರ ಮಧ್ಯಾಹ್ನ ವಾಪಸು ತಂದು ಮಲಗಿಸಿದರು.

"ನೀನು ಕೆಳಗೆ ಹೋಗಿ ಬೆಳ್ಳಿ ಸಾಮಾನು ಉಜ್ಜು," ಅಂದ ಧಣಿ. "ಅಮ್ಮನಿಗೆ ಏನಾದ್ರೂ ಬೇಕಾದ್ರೆ ಗಂಟೆ ಎಳೀತಾಳೆ."

ಬೆಳಗಿನ ನಾಲ್ಕರಿಂದ ನಿಂತ ಕಾಲಲ್ಲಿದ್ದ ಅಮ್ಮ ಮೂರನೇ ತಟ್ಟೆ ಉಜ್ಜುತ್ತ ಸ್ಟೂಲಿನ ಮೇಲೇ ಕಣ್ಣು ಮುಚ್ಚಿದಳು. ಎಚ್ಚರವಾಗಿ ಬಿಸಿನೀರು ತೆಗೆದುಕೊಂಡು ಮೇಲೆ ಹೋದಾಗ ಹಿರಿಯಮ್ಮ ಅರ್ಧ ಮಂಚದಿಂದ ಜಾರಿದ್ದರು. ಔಷಧಿ ಕೈಗೆಟುಕದ ಮೇಜಿನ ಮೇಲೆ. ಮುಷ್ಟಿಯಲ್ಲಿ ಗಂಟೆಯ ಹಗ್ಗ. ಉಸಿರಿರಲಿಲ್ಲ.

ಮರುದಿನ ಮಧ್ಯಾಹ್ನ ಪೊಲೀಸರು ಬಂದು ಹಗ್ಗ ಎಳೆದು ನೋಡಿದರು. ಗಂಟೆ ಲಕ್ಷಣವಾಗಿ ಬಡಿಯಿತು. ಅಮ್ಮ ತಾನೇ ಬಾಯಿಬಿಟ್ಟು ನಿದ್ದೆ ಬಂದಿತ್ತು ಅಂದಳು. ಇನ್ನೇನು ಬೇಕು? ಆಳಿನ ಅಲಕ್ಷ್ಯದಿಂದ ಧಣಿಮನೆಯವರ ಜೀವ ಹೋದರೆ ಆಗಿನ ಕಾನೂನಿನಲ್ಲಿ ಎರಡು ವರ್ಷ ಸೆರೆ. ಧಣಿಮನೆಯ ಅಲಕ್ಷ್ಯದಿಂದ ಆಳಿನ ಜೀವ ಹೋದರೆ ಎಷ್ಟು ವರ್ಷ ಎಂದು ನಾನು ದೊಡ್ಡವಳಾದ ಮೇಲೆ ಆ ಪುಸ್ತಕವನ್ನೆಲ್ಲ ತಿರುವಿ ಹುಡುಕಿದೆ. ಆ ಪುಟವನ್ನೇ ಯಾರೂ ಬರೆದಿರಲಿಲ್ಲ.

ಸುದ್ದಿ ಕೇಳಿ ಕೆಂಚಕ್ಕ ಒದ್ದೆ ಕೈಯಲ್ಲೇ ಠಾಣೆಗೆ ಬಂದಳು. ಸರಳಿನ ಆಚೆ ಅಮ್ಮ, ಈಚೆ ಇವಳು.

"ಗಂಟೆ ಕೇಳಿಸ್ತಾ?"

"ನಿದ್ದೆ ಬಂದಿತ್ತಕ್ಕ."

"ಅದನ್ನಲ್ಲ ನಾನು ಕೇಳಿದ್ದು. ಕೇಳಿಸ್ತಾ, ಇಲ್ವಾ?"

"ಇಲ್ಲ. ಆದ್ರೆ ಬಡಿದೇ ಇರ್ತದೆ. ಹಗ್ಗ ಅವರ ಕೈಯಲ್ಲೇ ಇತ್ತು. ತಪ್ಪು ನಂದೇ."

"ಆಚೆಮನೆ ಬೆಕ್ಕು ಸೀನಿದ್ರೆ ಎದ್ದು ಕೂರೋಳು ನೀನು. ನೆತ್ತಿ ಮೇಲೆ ಗಂಟೆ ಬಡಿದ್ರೆ ಏಳಲ್ವಾ?"

"ಎಲ್ರೂ ಹಾಗೇ ಹೇಳ್ತಿದಾರಲ್ಲಕ್ಕ."

"ಎಲ್ರೂ ಅಂದ್ರೆ ಯಾರು? ಗಂಟೆ ಎಳೆಯೋರು. ಅದನ್ನ ಕೇಳಿ ಓಡೋರು ಯಾರೂ ಇನ್ನೂ ಬಾಯೇ ಬಿಟ್ಟಿಲ್ಲ."

ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ತಪ್ಪು ತನ್ನದೇ ಎಂದು ನಿಜವಾಗಿ ನಂಬಿದ್ದಳು. ಎಂಟು ವರ್ಷದವಳಿದ್ದಾಗಿನಿಂದ ಏನು ಒಡೆದರೂ, ಏನು ಚೆಲ್ಲಿದರೂ, ನಿನ್ನಿಂದಲೇ ಎಂದು ಕೇಳಿ ಬೆಳೆದವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಉಳ್ಳವರು ನಮ್ಮಿಂದ ದುಡಿಮೆಯನ್ನಷ್ಟೇ ಕಿತ್ತುಕೊಂಡರು ಎಂದು ಹೇಳುವವರಿಗೆ ನಾನು ಈ ಮಾತು ಹೇಳುತ್ತೇನೆ. ನಾವು ಮಾಡದ ತಪ್ಪನ್ನು ನಮ್ಮ ಬಾಯಿಂದಲೇ ಒಪ್ಪಿಸುವ ವಿದ್ಯೆಯನ್ನೂ ಅವರು ಕಲಿಸಿದ್ದರು. ಗಂಟೆ ಬಡಿದಿತ್ತೇ ಎಂದು ಅಮ್ಮನನ್ನು ಕೇಳಿದ ಮೊದಲನೆಯವಳು ಕೆಂಚಕ್ಕ. ಉಳಿದವರೆಲ್ಲ ಯಾಕೆ ಏಳಲಿಲ್ಲ ಎಂದು ಕೇಳಿದ್ದರು.

ಗುರುವಾರ ಬೆಳಿಗ್ಗೆ ಕೆಂಚಕ್ಕ ದೊಡ್ಡಮನೆಯ ಪರದೆಗಳನ್ನು ಒಗೆದು ತಂದಳು. ತೂಗುಹಾಕುವ ನೆಪದಲ್ಲಿ ಸತ್ತವಳ ಕೋಣೆಯಲ್ಲಿ ಸ್ಟೂಲು ಹತ್ತಿ ನಿಂತು ಸುತ್ತ ಕಣ್ಣಾಡಿಸಿದಳು. ಕೆನೆಬಣ್ಣದ ಕಾಗದ, ಅದರ ತುಂಬ ಬಿಡಿಬಿಡಿಯಾಗಿ ನೀಲಿ ಹಕ್ಕಿಗಳು, ಎಲ್ಲವೂ ತಲೆಯೆತ್ತಿ ಕೂತಿವೆ. ಮಂಚದ ಪಕ್ಕ, ಗಂಟೆಯ ಹಗ್ಗದಿಂದ ಗೇಣು ಕೆಳಗೆ, ಒಂದೇ ಒಂದು ಹಕ್ಕಿ ಮಾತ್ರ ಕಾಲು ಮೇಲೆ ಮಾಡಿ ತಲೆ ಕೆಳಗೆ ಮಾಡಿತ್ತು.

ಇಳಿದು ಹತ್ತಿರ ಹೋದಳು. ಅಂಗೈಯಗಲದ ಒಂದು ತೇಪೆ. ಅಂಚುಗಳು ಎಷ್ಟು ನವಿರಾಗಿ ಕೂತಿದ್ದವೆಂದರೆ ಉಗುರಿನಿಂದ ಸವರಿದರಷ್ಟೇ ಗೊತ್ತಾಗುತ್ತಿತ್ತು. ಅಂಗೈ ಇಟ್ಟಳು. ತಣ್ಣಗೆ, ಒದ್ದೆ. ಪಕ್ಕದ ಗೋಡೆಯ ಮೇಲೆ ಇಟ್ಟಳು. ಒಣಗಿ ಗರಿಗರಿ. ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ದಿನಕ್ಕೆ ನೂರು ಸಲ ನೋಡುವ ಕೈ ಅದು, ಮೋಸಹೋಗುವಂಥದ್ದಲ್ಲ.

ಅಂಚನ್ನು ಇಷ್ಟು ಚೆಂದ ಕೂರಿಸುವವನು ಹಕ್ಕಿಯನ್ನು ತಲೆಕೆಳಗೆ ಮಾಡುವಷ್ಟು ಕುರುಡನಲ್ಲ. ಇದು ಕೈತಪ್ಪಲ್ಲ, ಯಾರೋ ಕೂಗಿ ಕರೆಯುತ್ತಿದ್ದಾರೆ ಎಂದು ಅವಳಿಗೆ ಅಲ್ಲೇ ಹೊಳೆಯಿತಂತೆ.

ಗೋಡೆಗೆ ಕಾಗದ ಹಚ್ಚುವ ಮೇಸ್ತ್ರಿ ತನ್ನ ಗುಡಿಸಲಿನ ಮುಂದೆ ಹಿಟ್ಟಿನ ಅಂಟು ಕದಡುತ್ತ ಕೂತಿದ್ದ. ಅವಳನ್ನು ನೋಡಿ ಕೋಲು ಇನ್ನಷ್ಟು ಜೋರಾಗಿ ತಿರುಗಿಸಿದ.

"ಹಕ್ಕಿ ಉಲ್ಟಾ ಇದೆಯಲ್ಲೋ ಮೇಸ್ತ್ರಿ."

"ಕೈತಪ್ಪು ಕೆಂಚಕ್ಕ. ವಯಸ್ಸಾಯ್ತು."

"ವಯಸ್ಸು ಕಣ್ಣಿಗೆ ಆಗತ್ತೆ, ಕಾಲಿಗೆ ಆಗತ್ತೆ. ಒಂದೇ ಒಂದು ಹಕ್ಕಿಗೆ ಆಗಲ್ಲ."

ಮೇಸ್ತ್ರಿಗೆ ನಗು ಬಂತು. ಆಮೇಲೆ ಕಣ್ಣು ಒದ್ದೆಯಾಯಿತು. "ಊರಿನ ದೊಡ್ಡಮನೆಗಳೆಲ್ಲ ಆ ಧಣಿಯ ನೆಂಟರವೇ. ನಾನು ಬಾಯಿಬಿಟ್ರೆ ಯಾವ ಗೋಡೆನೂ ಮುಟ್ಟೋ ಹಾಗಿಲ್ಲ. ಮನೇಲಿ ನಾಲ್ಕು ಹೆಣ್ಣುಮಕ್ಕಳು."

"ಠಾಣೇಲಿ ಒಬ್ಬಳು ಇದಾಳೆ. ಅವಳ ಹೊಟ್ಟೇಲಿ ಇನ್ನೊಂದು ಜೀವ ಇದೆ."

ಅವನಿಗೆ ಅದು ಗೊತ್ತಿರಲಿಲ್ಲ. ಕೋಲು ನಿಂತಿತು.

"ನೀನು ಮಾತಾಡ್ಬೇಡ," ಅಂದಳು ಕೆಂಚಕ್ಕ. "ಮಧ್ಯಾಹ್ನ ವಿಚಾರಣೆಗೆ ಸಾಹೇಬ ದೊಡ್ಡಮನೆಗೇ ಬರ್ತಾನೆ. ಬಾಗಿಲ ಹತ್ರ ಸುಮ್ನೆ ಬಂದು ನಿಂತ್ಕೋ. ಅಷ್ಟು ಸಾಕು."

ವಿಚಾರಣೆಯ ಸಾಹೇಬರು ಬಂದದ್ದೇ ಅವಸರದಲ್ಲಿ. ಅದೇ ಕೋಣೆಯಲ್ಲಿ ಮೇಜು ಹಾಕಿಸಿ, ಅಮ್ಮನನ್ನು ನಿಲ್ಲಿಸಿ, ಹೇಳಿಕೆ ಓದಿ, ಹೆಬ್ಬೆಟ್ಟು ಒತ್ತು ಅಂದರು. ಅಮ್ಮ ಬೆರಳು ಮಸಿಗೆ ಅದ್ದಿದ್ದಳು. ಕೆಂಚಕ್ಕ ಉಳಿದ ಪರದೆಗಳ ಗಂಟು ಹೊತ್ತುಕೊಂಡೇ ನುಗ್ಗಿದಳು.

"ಸ್ವಲ್ಪ ತಡಿ. ಎದ್ದು ಬಂದು ಈ ಗೋಡೆ ಮೇಲೆ ಕೈ ಇಡು."

"ಯಾರಿವಳು?" ಅಂದರು ಸಾಹೇಬರು.

"ಬಟ್ಟೆ ಒಗೆಯೋಳು, ತಲೆ ಸರಿ ಇಲ್ಲ," ಅಂದ ಧಣಿ.

"ನಿನ್ನ ಬಟ್ಟೆ ಒಗೆದೂ ಒಗೆದೂ ಹಾಗಾಗಿದೆ," ಅಂದಳು ಕೆಂಚಕ್ಕ. "ಕೈ ಇಡೋಕೆ ಏನು ಕಷ್ಟ?"

ಸಾಹೇಬರು ಎದ್ದದ್ದು ಅವಳ ಮಾತಿಗೆ ಬೆಲೆ ಕೊಟ್ಟಲ್ಲ, ಬೇಗ ಮುಗಿಯಲಿ ಎಂದು. ಹಕ್ಕಿಯ ಮೇಲೆ ಅಂಗೈ ಇಟ್ಟರು.

"ಒದ್ದೆ ಇದೆ."

"ಹೊಸ ಕಾಗದ, ಇನ್ನೂ ಆರಿಲ್ಲ," ಅಂದ ಧಣಿ.

"ಮಿಕ್ಕದ್ದನ್ನೂ ಮುಟ್ಟು."

ಸಾಹೇಬರು ಅಲ್ಲಿ ಮುಟ್ಟಿದರು, ಇಲ್ಲಿ ಮುಟ್ಟಿದರು. ಎಲ್ಲ ಒಣಗಿತ್ತು. ಮೊದಲ ಸಲ ಧಣಿಯ ಮುಖ ನೋಡಿದರು. ಆಮೇಲೆ ತೇಪೆಯ ಮೂಲೆಗೆ ಉಗುರು ಹಾಕಿ ಎಳೆದರು. ಹಸಿ ಕಾಗದ ಸಲೀಸಾಗಿ ಕಳಚಿ ಬಂತು. ಒಳಗೆ ಕಪ್ಪುಗಟ್ಟಿದ ಹಳೆಯ ತಂತಿ, ನಡುವೆ ಬೆರಳುದ್ದ ಹೊಸ ತಂತಿ ತಿರುಚಿ ಸೇರಿಸಿದ್ದು ಫಳಫಳ ಹೊಳೆಯುತ್ತಿತ್ತು.

ಸುಮ್ಮನೆ ನಿಲ್ಲಲು ಬಂದಿದ್ದ ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ಮುಂದೆ ಬಂದ.

"ತಂತಿ ಉಬ್ಬಿ ಕಾಗದ ಸರಿಯಾಗಿ ಕೂರ್ತಿರಲಿಲ್ಲ ಸ್ವಾಮಿ. ತಂತಿ ಕೆಲಸದವನ್ನ ಕರೆಸಿ ಅಂದೆ. ಟೈಮಿಲ್ಲ, ಕತ್ತರಿಸು, ಆಮೇಲೆ ನೋಡೋಣ ಅಂದ್ರು ಧಣಿ. ಕತ್ತರಿಸಿದೆ. ಹಿರಿಯಮ್ಮ ಹೋದ ಮರುದಿನ ಬೆಳಿಗ್ಗೆ ಹೇಳಿಕಳಿಸಿ, ಸೇರಿಸಿ ಮುಚ್ಚು ಅಂದ್ರು. ಮುಚ್ಚಿದೆ."

"ಹಕ್ಕಿಯನ್ನ ಯಾಕೆ ಹೀಗೆ ಅಂಟಿಸಿದೆ?"

"ಬಾಯಿ ಬಿಡಬೇಡ ಅಂದಿದ್ರು ಸ್ವಾಮಿ. ಕೈ ವಿಷಯ ಏನೂ ಹೇಳಿರಲಿಲ್ಲ."

ಆ ತಾಯಿ ಹಗ್ಗ ಎಳೆದದ್ದು ಬರಿಯ ಗೋಡೆಯನ್ನು. ಮಗನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಬ್ಬ ಬಸುರಿಯ ತಲೆಗೆ ಕಟ್ಟಿದ. ಸಾಹೇಬರು ಹೇಳಿಕೆ ಹರಿದು, ಹೊಸ ಹಾಳೆಯಲ್ಲಿ 'ಆಕಸ್ಮಿಕ' ಎಂದು ಬರೆದು, ಧಣಿಯ ಜೊತೆ ಕಾಫಿ ಕುಡಿದು ಹೋದರು. ಅದೇ ಸಾವು ಅಮ್ಮನ ಕೈಯಿಂದ ಆಗಿದ್ದರೆ ಅಪರಾಧ. ದೊಡ್ಡವರ ಕೈಯಿಂದ ಆದದ್ದಕ್ಕೆ ನಿಘಂಟಿನಲ್ಲಿ ಬೇರೆ ಶಬ್ದ ಇದೆ. ಈ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ, ಆರುವುದೂ ಬೇಡ. ಆದರೆ ಅದರ ಪಕ್ಕದಲ್ಲೇ, ಅದಕ್ಕಿಂತ ದೊಡ್ಡದಾಗಿ, ಇನ್ನೊಂದಿದೆ. ಅಮ್ಮ ಅವತ್ತು ಮನೆಗೆ ಬಂದಳು.

ದಾರಿಯಲ್ಲಿ, "ಆದ್ರೂ ನಿದ್ದೆ ಮಾಡಿದ್ದು ನಿಜ ಅಲ್ವಾ ಅಕ್ಕ," ಅಂದಳಂತೆ.

"ಬಸುರಿಗೆ ನಿದ್ದೆ ಬರದೆ ಇನ್ನೇನು ಬರತ್ತೆ, ನಾಟಕ ಆಡೋಕೆ ಬರತ್ತಾ? ಸುಮ್ನೆ ನಡಿ."

ಮೇಸ್ತ್ರಿಗೆ ಅವನು ಹೆದರಿದಂತೆಯೇ ಆಯಿತು. ದೊಡ್ಡಮನೆಗಳು ಬಾಗಿಲು ಹಾಕಿದವು. ನಮ್ಮಂಥವರ ಮನೆಗಳಿಗೆ ಸುಣ್ಣ ಬಳಿದು ಆ ನಾಲ್ಕು ಹೆಣ್ಣುಮಕ್ಕಳನ್ನು ಸಾಕಿದ. ಅವನ ಋಣವೂ ನನ್ನ ಮೇಲಿದೆ, ಇಲ್ಲಿ ಹೇಳಿಬಿಡುತ್ತೇನೆ. ಅಮ್ಮ ಕೆಂಚಕ್ಕನ ಒಂದೇ ಕೋಣೆಗೆ ಬಂದು ಸೇರಿ, ಅವಳ ಜೊತೆ ಒಗೆಯಲು ನಿಂತಳು. ಎಷ್ಟೋ ಸಲ ಕೈಮುಗಿಯಲು ಹೋದಳಂತೆ. ಕೆಂಚಕ್ಕ ಅವಳ ಕೈಗೆ ಹಿಂಡಬೇಕಾದ ಹಾಸುಬಟ್ಟೆಯ ಒಂದು ತುದಿ ಕೊಟ್ಟು, "ಹಿಡಿ, ತಿರುಚು," ಅನ್ನುತ್ತಿದ್ದಳು.

ನಾಲ್ಕು ತಿಂಗಳಿಗೆ ಒಂದು ಬೆಳಿಗ್ಗೆ, ಆ ಕೋಣೆಯಲ್ಲಿ, ಕಾಯುತ್ತಿದ್ದ ನೀರಿನ ಹಂಡೆಯ ಪಕ್ಕ ನಾನು ಹುಟ್ಟಿದೆ. ಐದನೇ ದಿನ ಅನಾಥಾಲಯದ ಮೇಲ್ವಿಚಾರಕಿ ಪುಸ್ತಕ ಹಿಡಿದು ಬಂದೇ ಬಂದಳು. ಗಂಡಸಿಲ್ಲದ ಮನೆಯ ಕೂಸುಗಳ ಮೇಲೆ ಅವರಿಗೆ ಸದಾ ಒಂದು ಕಣ್ಣು.

"ತಂದೆ?"

"ಇಲ್ಲ," ಅಂದಳು ಅಮ್ಮ. ನನ್ನನ್ನು ಇನ್ನಷ್ಟು ಎದೆಗೆ ಅವುಚಿಕೊಂಡಳಂತೆ.

"ಹಾಗಾದ್ರೆ ಮಗುವಿಗೆ ಮನೇಲಿ ಯಾರೂ ಇಲ್ಲ ಅಂತ ಬರ್ಕೊಳ್ಳಲಾ?"

ಕೆಂಚಕ್ಕ ಸೋಪಿನ ನೊರೆಯ ಕೈಯಲ್ಲೇ ಅವಳ ಮುಂದೆ ಬಂದು ನಿಂತಳು.

"ನಾವಿಬ್ರು ಇದೀವಿ, ಕಾಣಲ್ವಾ ನಿಂಗೆ? ಬರ್ಕೋ. ತಾಯಿ ಒಬ್ಬಳು. ದೊಡ್ಡಮ್ಮ ಒಬ್ಬಳು. ಬರೆದಾಯ್ತಾ? ಸರಿ, ಬಾಗಿಲು ಎಳ್ಕೊಂಡು ಹೋಗು, ಕೂಸಿಗೆ ಗಾಳಿ ಬಡಿಯತ್ತೆ."

ಮೇಲ್ವಿಚಾರಕಿ ಬರೆದುಕೊಂಡಳು. ಹೋಗುವಾಗ ಬಾಗಿಲನ್ನೂ ಎಳೆದುಕೊಂಡಳು.